ಒಂಬತ್ತರ ಮುಂದಿನ ಕಾಯಿ

ಲೋಲಾಕ್ಷಿಗೆ ನಂಬಿಕೆ ಎನ್ನುವುದು ಹುಟ್ಟಿನಿಂದಲೇ ಇರಲಿಲ್ಲ ಎಂದು ಮೊಗ್ರಾಲಿನವರು ಹೇಳುತ್ತಾರೆ. ಅದು ಸುಳ್ಳು. ಅವಳ ನಂಬಿಕೆ ಹೋದದ್ದು ಸಾವಿರದ ಒಂಬೈನೂರ ಮೂವತ್ತಾರನೆಯ ಇಸವಿ ಮಾರ್ಚ್ ತಿಂಗಳ ಒಂದು ಆದಿತ್ಯವಾರ, ಸಂಜೆ ನಾಲ್ಕು ಗಂಟೆಯ ಮೇಲೆ. ಅದಕ್ಕೆ ಮುಂಚೆ ಅವಳೂ ಅಂಗಡಿಯವನು ಅಳೆದುಕೊಟ್ಟ ಅಕ್ಕಿಯನ್ನು ಸುಮ್ಮನೆ ಸೆರಗಿಗೆ ಹಾಕಿಕೊಂಡು ಬರುತ್ತಿದ್ದವಳೇ. ಆಮೇಲೆ ಮಾತ್ರ ಮನೆಗೆ ತಂದು ತನ್ನ ಸೇರಿನಲ್ಲಿ ಇನ್ನೊಮ್ಮೆ ಅಳೆಯತೊಡಗಿದಳು. ಹಾಲಿನವಳ ಚೊಂಬಿನ ಅಡಿ ತಟ್ಟಿ ನೋಡತೊಡಗಿದಳು. ದೈವದ ಗಂಧಪ್ರಸಾದವನ್ನು ಕೂಡ ಮೂಸಿ ನೋಡಿಯೇ ಹಣೆಗೆ ಹಚ್ಚುತ್ತಾಳೆ ಎಂದು ಹೇಳುವವರಿದ್ದಾರೆ. ನಾನು ಕಂಡಿಲ್ಲ, ಆದರೆ ಇಲ್ಲವೆನ್ನಲು ಧೈರ್ಯವೂ ಇಲ್ಲ.

ನಾನು ಬಾಯಾರಿನವನು. ಮೊಗ್ರಾಲಿನ ಶಾಲೆಗೆ ಮಾಷ್ಟ್ರಾಗಿ ಬಂದದ್ದು ಮೂವತ್ತೆಂಟರಲ್ಲಿ. ಬಂದ ವಾರದಲ್ಲೇ ಒಬ್ಬ ಹೆಂಗಸು ಶಾಲೆಯ ಜಗಲಿಯ ಕೆಳಗೆ ಬಂದು ನಿಂತಳು. ವಯಸ್ಸು ಇಪ್ಪತ್ತೈದು ಇಪ್ಪತ್ತಾರು ಇದ್ದೀತು. ತೆಂಗಿನ ನಾರು ಹೊಸೆದು ಹೊಸೆದು ಅಂಗೈ ದಡ್ಡುಗಟ್ಟಿತ್ತು. ಕೈ ಮುಗಿಯಲಿಲ್ಲ. ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿ, "ನಿಮಗೆ ಇಂಗ್ಲಿಷ್ ಬರ್ತದಾ ಮಾಷ್ಟ್ರೆ, ಅಲ್ಲ ಬರ್ತದೆ ಅಂತ ಹೇಳುದಾ?" ಎಂದು ಕೇಳಿದಳು.

ಹೀಗೆ ನಮ್ಮ ಪರಿಚಯ. ಅವಳಿಗೆ ಮಂಗಳೂರಿನ ಕಲೆಕ್ಟರರಿಗೆ ಒಂದು ಅರ್ಜಿ ಬರೆಸಬೇಕಿತ್ತು. ಬರೆದೆ. ಓದಿ ಹೇಳಿ ಎಂದಳು, ಓದಿ ಹೇಳಿದೆ. ಅರ್ಜಿಯನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದವಳು ನೇರವಾಗಿ ಅಂಚೆ ಡಬ್ಬಿಯ ಹತ್ತಿರ ಹೋಗಲಿಲ್ಲ. ಕುಂಬಳೆಯ ಸ್ಟೇಷನ್ ಮಾಸ್ತರರ ಹತ್ತಿರ ಹೋಗಿ, ಇದರಲ್ಲಿ ನಿಜವಾಗಿ ಎಂತ ಬರೆದುಂಟು ಎಂದು ಕೇಳಿ ಓದಿಸಿಕೊಂಡಳು. ಸ್ಟೇಷನ್ ಮಾಸ್ತರರೇ ಮರುದಿನ ನಗುತ್ತ ನನಗೆ ಹೇಳಿದರು. ನನಗೆ ಮೈಯೆಲ್ಲ ಉರಿಯಿತು. ಇನ್ನು ಇವಳಿಗೆ ಒಂದಕ್ಷರ ಬರೆದುಕೊಡುವುದಿಲ್ಲ ಎಂದು ನಿಶ್ಚಯ ಮಾಡಿದೆ. ಮರುವರ್ಷ ಬಂದಳು, ಬರೆದುಕೊಟ್ಟೆ. ಹೀಗೆ ಹದಿನಾರು ವರ್ಷ, ಹದಿನಾರು ಅರ್ಜಿ. ಪ್ರತಿಯೊಂದನ್ನೂ ಅವಳು ಬೇರೆಯವರಿಂದ ಓದಿಸಿ ನೋಡಿದ್ದಾಳೆ.

ಅರ್ಜಿಯ ವಿಷಯ ಒಂದೇ. "ನನ್ನ ಗಂಡ ಹೊನ್ನಯ್ಯನು ವಿಮಾನದ ರೆಕ್ಕೆಯಿಂದ ಬಿದ್ದು ಸತ್ತಿರುತ್ತಾನೆ. ತಾನಾಗಿ ಕೈಬಿಟ್ಟನೆಂದು ಮಹಜರಿನಲ್ಲಿ ಬರೆದಿರುತ್ತಾರೆ. ಅವನು ಕೈಬಿಡುವ ಮನುಷ್ಯನಲ್ಲ. ಯಾಕೆ ಕೈಬಿಟ್ಟನೆಂದು ತನಿಖೆ ಮಾಡಿಸಿಕೊಡಬೇಕು."

ಮೊಗ್ರಾಲಿನ ಹೊನ್ನಯ್ಯ ವಿಮಾನದ ರೆಕ್ಕೆಯ ಮೇಲೆ ಯಾಕೆ ಹೋದ ಎಂದು ನಿಮಗೆ ಅನಿಸಬಹುದು. ನನಗೂ ಅನಿಸಿತ್ತು. ಆದ್ದರಿಂದ ಮೊದಲಿನಿಂದ ಹೇಳುತ್ತೇನೆ. ನಾನು ಕಣ್ಣಾರೆ ಕಂಡವನಲ್ಲ. ನಾಲ್ಕಾರು ಮಂದಿ ನಾಲ್ಕಾರು ನಮೂನೆಯಲ್ಲಿ ಹೇಳಿದ್ದನ್ನು ಜರಡಿ ಹಿಡಿದು ಬರೆಯುತ್ತಿದ್ದೇನೆ. ಇನ್ನೊಂದು ಮಾತು. ಇದರಲ್ಲಿ ಬರುವವರು ಬಹುಪಾಲು ಮಾತಾಡಿದ್ದು ತುಳುವಿನಲ್ಲಿ, ನಾನು ಅದನ್ನು ಕನ್ನಡಕ್ಕೆ ತಂದಿದ್ದೇನೆ. ಒಂದು ಶಬ್ದವನ್ನು ಮಾತ್ರ ತರಲು ಆಗಲಿಲ್ಲ. ಅದು ಬಂದಾಗ ಯಾಕೆಂದು ನಿಮಗೇ ಗೊತ್ತಾಗುತ್ತದೆ.

ಹೊನ್ನಯ್ಯ ಮೂರ್ತೆಯವನು, ಅಂದರೆ ತೆಂಗಿನ ಮರ ಹತ್ತಿ ಕಳ್ಳು ಇಳಿಸುವವನು. ಬೆಳಿಗ್ಗೆ ಇಪ್ಪತ್ತು ಮರ, ಸಂಜೆ ಅದೇ ಇಪ್ಪತ್ತು ಮರ. ಮಳೆಗಾಲದಲ್ಲಿ ಕಾಂಡ ಪಾಚಿ ಹಿಡಿದು ಜಾರುವಾಗಲೂ ಒಂದು ಮರ ತಪ್ಪಿಸಿದವನಲ್ಲ. ದಿನವಿಡೀ ಕಳ್ಳಿನ ವಾಸನೆಯಲ್ಲೇ ಬದುಕಿದರೂ ಅದನ್ನು ನಾಲಗೆಗೆ ಹಚ್ಚಿದವನಲ್ಲ. ಕಾಲು ಜಾರಿದರೆ ಕೈ ಕಾಯುತ್ತದೆ, ಕೈ ಬಿಟ್ಟರೆ ಕಾಯುವವರು ಯಾರೂ ಇಲ್ಲ ಎಂದು ಹೊಸಬರಿಗೆ ಹೇಳಿಕೊಡುತ್ತಿದ್ದನಂತೆ. ಹದಿಮೂರು ವರ್ಷ ಮರ ಹತ್ತಿ ಒಂದು ಸಲವೂ ಬೀಳಲಿಲ್ಲ.

ಆ ವರ್ಷ ಸುಗ್ಗಿಯ ಕೊಯ್ಲು ಮುಗಿದು ಗದ್ದೆಗಳು ಒಣಗಿದ್ದವು. ಮೂವರು ಬಿಳಿಯರು ಎರಡು ವಿಮಾನ, ಒಂದು ಲಾರಿ ಸಮೇತ ಬಂದು ಕಡಲ ಬದಿಯ ಬಯಲಿನಲ್ಲಿ ಡೇರೆ ಹಾಕಿದರು. ಊರೂರಿಗೆ ಹೋಗಿ ಆಕಾಶದಲ್ಲಿ ಸರ್ಕಸ್ ತೋರಿಸುವ ಕಂಪೆನಿಯಂತೆ. ವಿಮಾನವೆಂದರೆ ಈಗಿನ ಹಾಗಲ್ಲ. ಒಂದರ ಮೇಲೊಂದು ಎರಡು ರೆಕ್ಕೆ, ನಡುವೆ ಆಧಾರಕ್ಕೆ ಮರದ ಗೂಟಗಳು, ಅಡ್ಡಕ್ಕೆ ತಂತಿ, ಮೇಲೆ ಬಟ್ಟೆಯ ಹೊದಿಕೆ. ಹಾರುತ್ತಿರುವಾಗಲೇ ಒಬ್ಬ ಮನುಷ್ಯ ಹೊರಗೆ ಬಂದು ಕೆಳಗಿನ ರೆಕ್ಕೆಯ ಮೇಲೆ ನಡೆದಾಡುವುದು ಅವರ ದೊಡ್ಡ ಆಟ. ಆ ನಡೆಯುವವನು ಜ್ವರ ಬಂದು ಕಣ್ಣೂರಿನಲ್ಲೇ ಉಳಿದಿದ್ದಾನೆ ಎಂದು ಅವರು ಹೇಳಿದರು. ಜ್ವರವೋ, ಹೆದರಿಕೆಯೋ, ಅವನೂ ಎಲ್ಲಾದರೂ ಬಿದ್ದದ್ದೋ, ಹೋಗಿ ನೋಡಿದವರಿಲ್ಲ. ಅಂತೂ ಅವರಿಗೆ ಎತ್ತರಕ್ಕೆ ಹೆದರದ ಒಬ್ಬ ಬೇಕಿತ್ತು.

ಅವರ ಲಾರಿ ಕೆಟ್ಟಿತ್ತು. ರಿಪೇರಿಗೆ ಬಂದವನು ವ್ಯಾಲೆಂಟೈನ್, ಕಾಸರಗೋಡಿನ ಬಸ್ಸು ಶೆಡ್ಡಿನ ಮೆಕ್ಯಾನಿಕ್. ಮನೆಯಲ್ಲಿ ಕೊಂಕಣಿ ಮಾತಾಡುವ ಕ್ರೈಸ್ತ. ನಮ್ಮ ಕಡೆ ಅವರನ್ನು ಪೊರ್ಬುಗಳು ಎನ್ನುತ್ತಾರೆ, ಹಾಗಾಗಿ ಅವನನ್ನೂ ಎಲ್ಲರೂ ಪೊರ್ಬು ಎಂದೇ ಕರೆಯುತ್ತಿದ್ದರು. ಇಗರ್ಜಿಯ ಪಾದ್ರಿಗಳಿಂದ ಕಲಿತ ನಾಲ್ಕು ಇಂಗ್ಲಿಷ್ ಮಾತು ಅವನಲ್ಲಿತ್ತು, ಊರಿನಲ್ಲಿ ಓಡಾಡಿ ಕಲಿತ ತುಳು ಬೇಕಾದಷ್ಟಿತ್ತು. ಅವನೂ ಹೊನ್ನಯ್ಯನೂ ಸ್ನೇಹಿತರು. ದಿನಾ ಸಂಜೆ ಹೊನ್ನಯ್ಯ ಕೊನೆಯ ಮರದಿಂದ ಇಳಿಯುವ ಹೊತ್ತಿಗೆ ಪೊರ್ಬು ಕಳ್ಳು ಕುಡಿಯಲು ಬುಡದಲ್ಲಿ ತೆಂಗಿನ ಚಿಪ್ಪು ಹಿಡಿದು ನಿಂತಿರುತ್ತಿದ್ದ. ಬಿಳಿಯರಿಗೆ ಹೊನ್ನಯ್ಯನನ್ನು ತೋರಿಸಿಕೊಟ್ಟವನು ಅವನೇ. "ತೆಂಗಿನ ಮರ ಹತ್ತುವವನಿಗೆ ಈ ರೆಕ್ಕೆ ಎಂತ ದೊಡ್ಡದು ಮಾರಾಯ?" ಎಂದು ಹುರಿದುಂಬಿಸಿದವನೂ ಅವನೇ.

ಹೊನ್ನಯ್ಯ ಒಪ್ಪಿದ್ದು ಅವರು ಕೊಡುವುದರ ಆಸೆಗಲ್ಲ. "ನಾನು ಹತ್ತುವ ಮರಗಳ ತಲೆ ಮೇಲಿಂದ ಹೇಗೆ ಕಾಣ್ತದೆ, ಒಮ್ಮೆ ನೋಡ್ಬೇಕು" ಎಂದು ಹೆಂಡತಿಯ ಹತ್ತಿರ ಹೇಳಿದ್ದ. ಇಂಥ ಆಸೆಗೆ ಯಾರು ಏನು ಎದುರು ಹೇಳುವುದು?

ಮೊದಲ ದಿನ ಪೂರ್ತಿ ವಿಮಾನವನ್ನು ನೆಲದ ಮೇಲೆ ನಿಲ್ಲಿಸಿಯೇ ಅಭ್ಯಾಸ. ವಿಮಾನ ಬಿಡುವ ಬಿಳಿಯ ಹಿಂದಿನ ಸೀಟಿನಲ್ಲಿ, ಮಾತು ದಾಟಿಸುವ ಪೊರ್ಬು ಮುಂದಿನ ಸೀಟಿನಲ್ಲಿ, ಹೊನ್ನಯ್ಯ ರೆಕ್ಕೆಯ ಮೇಲೆ. ಬಯಲಿನ ಮೇಲೆ ಬಂದಾಗ ಬಿಳಿಯ ಎಂಜಿನ್ನಿನ ಸದ್ದು ತಗ್ಗಿಸುತ್ತಾನೆ. ಹೊನ್ನಯ್ಯ ರೆಕ್ಕೆಯ ತುದಿಯ ಗೂಟವನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯನ್ನು ಜನರ ಕಡೆ ಬೀಸುತ್ತಾನೆ. ಪೊರ್ಬು ಒಂದರಿಂದ ಹತ್ತರವರೆಗೆ ಗಟ್ಟಿಯಾಗಿ ಎಣಿಸುತ್ತಾನೆ. ಎಣಿಕೆ ಮುಗಿದ ಕೂಡಲೇ ಹೊನ್ನಯ್ಯ ತುದಿಯ ಗೂಟ ಬಿಟ್ಟು, ಎರಡು ಹೆಜ್ಜೆ ಒಳಗೆ ಬಂದು, ಒಳಗಿನ ಗೂಟ ಹಿಡಿಯಬೇಕು. ಆ ಎರಡು ಹೆಜ್ಜೆಯ ಹೊತ್ತು ಬಿಳಿಯ ವಿಮಾನವನ್ನು ಅಲುಗದ ಹಾಗೆ ಸಮ ಇಡುತ್ತಾನೆ. ಸೊಂಟಕ್ಕೆ ಹಗ್ಗ ಇಲ್ಲ, ಹಗ್ಗ ಕಟ್ಟಿದರೆ ತಂತಿಗೆ ಸಿಕ್ಕಿಕೊಳ್ಳುತ್ತದಂತೆ. ಎಣಿಕೆ ತುಳುವಿನಲ್ಲಿ, ಯಾಕೆಂದರೆ ಹೊನ್ನಯ್ಯನಿಗೆ ಬೇರೆ ಎಣಿಕೆ ಗೊತ್ತಿರಲಿಲ್ಲ.

ಶುಕ್ರವಾರ, ಶನಿವಾರ ಎರಡು ದಿನ ಆಟ ಸುಸೂತ್ರವಾಗಿ ನಡೆಯಿತು. ಆದಿತ್ಯವಾರ ಜನವೋ ಜನ. ಬಾಯಾರಿನಿಂದ ನನ್ನ ಚಿಕ್ಕಪ್ಪ ಕೂಡ ಗಾಡಿ ಕಟ್ಟಿಕೊಂಡು ಹೋಗಿದ್ದರು. ವಿಮಾನ ಕಡಲ ಕಡೆಯಿಂದ ಬಂತು, ಸದ್ದು ತಗ್ಗಿತು, ಹೊನ್ನಯ್ಯ 'ಹೋ' ಎನ್ನುವ ಜನಕ್ಕೆ ಕೈ ಬೀಸಿದ, ರೆಕ್ಕೆ ಒಮ್ಮೆಲೇ ವಾಲಿತು, ಹೊನ್ನಯ್ಯ ಗೂಟ ಬಿಟ್ಟ, ಬಿದ್ದ. ಇಷ್ಟನ್ನು ಎಲ್ಲರೂ ಒಂದೇ ತರ ಹೇಳುತ್ತಾರೆ. ಕೈ ಜಾರಿದ್ದಲ್ಲ, ಅವನೇ ಬಿಟ್ಟದ್ದು, ಬೆರಳು ಬಿಡಿಸಿದ್ದು ಕಂಡಿತು ಎಂದು ನನ್ನ ಚಿಕ್ಕಪ್ಪ ಆಣೆ ಹಾಕುತ್ತಾರೆ. ಅಷ್ಟು ಎತ್ತರದಲ್ಲಿ ಬೆರಳು ಹೇಗೆ ಕಂಡಿತು ಎಂದು ಕೇಳಿದರೆ ಅವರಿಗೆ ಸಿಟ್ಟು ಬರುತ್ತದೆ.

ಮರುದಿನ ಬೆಳಿಗ್ಗೆ ಬಯಲಿನಲ್ಲಿ ಡೇರೆಯೂ ಇಲ್ಲ, ಬಿಳಿಯರೂ ಇಲ್ಲ. ಪೊಲೀಸರು ಪೊರ್ಬುವನ್ನು ಕೂರಿಸಿ ಕೇಳಿ ಮಹಜರು ಬರೆದರು. 'ತಾನಾಗಿ ಕೈಬಿಟ್ಟು ಬಿದ್ದು ಮೃತಪಟ್ಟದ್ದು.'

ಈ 'ಕೈಬಿಟ್ಟ' ಎಂಬ ಮಾತು ಎಷ್ಟು ಕೆಟ್ಟದ್ದೆಂದು ಅದನ್ನು ಬರೆದ ರೈಟರನಿಗೆ ಗೊತ್ತಿರಲಿಕ್ಕಿಲ್ಲ. ಹೆಂಡತಿಯನ್ನು ಬಿಟ್ಟು ಓಡಿಹೋದವನಿಗೂ ನಾವು ಕೈಬಿಟ್ಟ ಎಂದೇ ಹೇಳುವುದು. ನೀರಿನ ಕಟ್ಟೆಯಲ್ಲಿ ಜಗಳವಾದಾಗಲೆಲ್ಲ ಹೆಂಗಸರು ಅದನ್ನು ಎತ್ತಿ ಆಡುತ್ತಿದ್ದರು. "ಇವಳ ಬಾಯಿಗೆ ಹೆದರಿ ಗಂಡ ಆಕಾಶದಲ್ಲೇ ಕೈಬಿಟ್ಟ" ಎಂದು.

ಲೋಲಾಕ್ಷಿ ಅವರಿಗೆ ಸರಿಯಾಗಿ ತಿರುಗಿಸಿ ಕೊಡುತ್ತಿದ್ದಳು. ಆದರೆ ಒಳಗೆ ಅವಳನ್ನು ತಿನ್ನುತ್ತಿದ್ದುದು ಅದೇ ಮಾತು. ಮೂರನೆಯ ಅರ್ಜಿ ಬರೆಯುವ ದಿನ ನಾನು ರೇಗಿ, "ಮೂರು ವರ್ಷ ಆಯಿತು, ಕಲೆಕ್ಟರರು ಒಂದು ಸಾಲು ಉತ್ತರ ಬರೆದಿಲ್ಲ, ಇನ್ನೂ ಯಾಕೆ ಈ ಹಟ?" ಎಂದು ಕೇಳಿದ್ದೆ.

"ಆ ದಿನ ಬೆಳಿಗ್ಗೆ ನಾನು ಜಗಳ ಮಾಡಿದ್ದೆ ಮಾಷ್ಟ್ರೆ. ಎರಡು ದಿನ ಹೋದದ್ದು ಸಾಕು, ಇವತ್ತು ಬೇಡ ಅಂತ. ಅವರು ಕೇಳ್ಲಿಲ್ಲ. ಹೋಗುದಾದ್ರೆ ಹೋಗಿ, ಮತ್ತೆ ಈ ಹೊಸ್ತಿಲು ಮೆಟ್ಟುದು ಬೇಡ ಅಂತ ಹೇಳಿದೆ." ಸ್ವರ ಗಟ್ಟಿಯಾಗಿಯೇ ಇತ್ತು. "ಮೆಟ್ಲಿಲ್ಲ."

ನನ್ನ ಕೈಯ ಲೇಖನಿ ನಿಂತಿತು.

"ಅವರು ಬಿದ್ದದ್ದಾ, ಯಾರಾದ್ರೂ ಬೀಳಿಸಿದ್ದಾ, ಅಲ್ಲ ನನ್ನ ಮಾತಿಗೆ ಬೇಕು ಬೇಕಂತಲೇ ಬಿಟ್ಟದ್ದಾ? ಅದೊಂದು ನನಗೆ ಗೊತ್ತಾಗ್ಬೇಕು. ನೀವು ಬರೀರಿ."

ಆ ದಿನದಿಂದ ನಾನು ಅವಳ ಮೇಲೆ ರೇಗುವುದನ್ನು ಕಡಿಮೆ ಮಾಡಿದೆ. ಪೂರ್ತಿ ಬಿಡಲು ಅವಳು ಬಿಡಲಿಲ್ಲ.

ಅವಳು ಸಂಶಯಪಡದ ವಸ್ತುವಿರಲಿಲ್ಲ. ಒಂದು ವರ್ಷ ವಿಮಾನದ ತಂತಿಯ ಮೇಲೆ, ಇನ್ನೊಂದು ವರ್ಷ ಬಿಳಿಯರು ಕುಡಿಸಿದ ಚಹಾದ ಮೇಲೆ, ಮತ್ತೊಂದು ವರ್ಷ ಹೊನ್ನಯ್ಯನ ಮರಗಳ ಮೇಲೆ ಕಣ್ಣಿಟ್ಟಿದ್ದ ಇನ್ನೊಬ್ಬ ಮೂರ್ತೆಯವನ ಮೇಲೆ. ಎಲ್ಲಿ ಸುತ್ತಿದರೂ ಕೊನೆಗೆ ಬಂದು ನಿಲ್ಲುತ್ತಿದ್ದುದು ಪೊರ್ಬುವಿನ ಹತ್ತಿರ. ಅದಕ್ಕೆ ಕಾರಣಗಳೂ ಇದ್ದವು. ಹೊನ್ನಯ್ಯ ಬೀಳುವಾಗ ಅವನಿಂದ ಎಂಟು ಮೊಳ ದೂರದಲ್ಲಿ ಇದ್ದವನು ಪೊರ್ಬು ಒಬ್ಬನೇ. ವಾರದೊಳಗೆ ಬಸ್ಸು ಶೆಡ್ಡಿನ ಕೆಲಸ ಬಿಟ್ಟ, ಆಮೇಲೆ ಒಂದು ಎಂಜಿನ್ನಿನ ಹತ್ತಿರವೂ ಸುಳಿಯಲಿಲ್ಲ. ಬೊಜ್ಜದ ದಿನ, ಅಂದರೆ ಸತ್ತವನ ಉತ್ತರಕ್ರಿಯೆಯ ದಿನ, ಬಂದವನು ಅಂಗಳದ ಆಚೆಯೇ ನಿಂತು ಹೋದ. ಮಳೆ ಸುರಿದು ಕೆಲಸವಿಲ್ಲದ ಆಟಿ ತಿಂಗಳು ಬಂದರೆ ಒಂದು ಮುಡಿ ಅಕ್ಕಿ ತಂದು ಅವಳ ಜಗಲಿಯಲ್ಲಿ ಇಟ್ಟು, ಮಾತಿಲ್ಲದೆ ಹೋಗುತ್ತಿದ್ದ.

"ತಪ್ಪು ಮಾಡದವ ಅಕ್ಕಿ ಯಾಕೆ ತರುದು?" ಎಂದು ಲೋಲಾಕ್ಷಿ ಕೇಳುತ್ತಿದ್ದಳು. ಅಕ್ಕಿಯನ್ನು ಅವಳು ಉಣ್ಣಲಿಲ್ಲ, ಕೋಳಿಗೆ ಹಾಕಿದಳು. ಕೋಳಿ ಸಾಯಲಿಲ್ಲ ಎಂಬುದನ್ನೂ ಗಮನಿಸಿದಳು.

ನಿಜ ಹೇಳುತ್ತೇನೆ, ನನಗೂ ಆ ಮನುಷ್ಯನ ಮೇಲೆ ಒಳ್ಳೆಯ ಅಭಿಪ್ರಾಯವಿರಲಿಲ್ಲ. ಹೊನ್ನಯ್ಯನ ಸುದ್ದಿ ತೆಗೆದರೆ ಅವನು ಬೀಡಿ ಹಚ್ಚುತ್ತಿದ್ದ. ಹಚ್ಚಿದ ಬೀಡಿ ಬಾಯಲ್ಲಿದ್ದಾಗಲೇ ಇನ್ನೊಂದಕ್ಕೆ ಕೈ ಹಾಕುತ್ತಿದ್ದ. ಇವನಿಗೆ ಗೊತ್ತಿರುವುದು ಏನೋ ಉಂಟು ಎಂದು ಯಾರಿಗಾದರೂ ಅನಿಸಬೇಕು. ಊರವರಿಗೆ ಬೇರೆಯೇ ಅನಿಸಿತು, ವಿಧವೆಯ ಮೇಲೆ ಅವನಿಗೆ ಮನಸ್ಸಿದೆ ಎಂದರು, ಅದಕ್ಕಾಗಿಯೇ ದಾರಿ ಸಲೀಸು ಮಾಡಿಕೊಂಡ ಎಂದು ಕೂಡ ಒಬ್ಬಿಬ್ಬರು ಅಂದರು. ಹೇಳುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದರು, ಮರುದಿನ ಅವನ ಕೈಯಿಂದಲೇ ಬೀಡಿ ಇಸಿದುಕೊಳ್ಳುತ್ತಿದ್ದರು.

ಎಂಜಿನ್ ಬಿಟ್ಟ ಪೊರ್ಬು ತೆಂಗಿನಕಾಯಿ ವ್ಯಾಪಾರಕ್ಕೆ ಇಳಿದಿದ್ದ. ನಲುವತ್ತೈದು ದಿನಕ್ಕೊಮ್ಮೆ ಎತ್ತಿನ ಗಾಡಿ ಹೊಡೆದುಕೊಂಡು ಮನೆ ಮನೆಗೆ ಬಂದು ಕಾಯಿ ಎಣಿಸಿ ತುಂಬಿಸಿಕೊಂಡು ಹೋಗುತ್ತಿದ್ದ. ಲೋಲಾಕ್ಷಿಯ ಹಿತ್ತಿಲಲ್ಲಿ ಹನ್ನೊಂದು ಮರ ಇತ್ತು. ಊರಿನಲ್ಲಿ ಬೇರೆ ವ್ಯಾಪಾರಿಗಳೂ ಇದ್ದರು, ಆದರೆ ಅವಳು ಕಾಯಿ ಕೊಟ್ಟದ್ದು ಪೊರ್ಬುವಿಗೆ ಮಾತ್ರ. ಯಾಕೆ ಎಂದು ಕೇಳಿದಾಗ, "ಕಣ್ಣ ಮುಂದೆ ಇರ್ಲಿ ಮಾಷ್ಟ್ರೆ. ದೂರ ಇದ್ರೆ ಎಂತ ಮಾಡ್ತಾನೆ ಅಂತ ಗೊತ್ತಾಗುದಿಲ್ಲ" ಎಂದಳು. ಅವನು ಎಣಿಸುವಾಗ ಎರಡು ಮಾರು ದೂರದಲ್ಲಿ ನಿಂತು, ನಾರು ಹೊಸೆಯುತ್ತ, ಅವನ ಕೈಯನ್ನೇ ನೋಡುತ್ತಿದ್ದಳು. ಅವನು ಎಣಿಸಿ ಮುಗಿಸಿದ ಮೇಲೆ, ಗಾಡಿಗೆ ಹಾಕುವ ಮೊದಲು, ತಾನೊಮ್ಮೆ ಎಣಿಸುತ್ತಿದ್ದಳು. ಹದಿನೆಂಟು ವರ್ಷ ಇದು ನಡೆಯಿತು. ಇಬ್ಬರೂ ಆಡುತ್ತಿದ್ದ ಮಾತು, ಬಂದಿರಾ, ಬಂದೆ, ಆಯಿತಾ, ಆಯಿತು, ಅಷ್ಟೇ.

ಐವತ್ತನಾಲ್ಕರ ಫೆಬ್ರವರಿಯಲ್ಲಿ ಒಂದು ಶುಕ್ರವಾರ ಅವಳು ಶಾಲೆಗೆ ಬಂದಳು. ಹದಿನೇಳನೆಯ ಅರ್ಜಿಯ ಹೊತ್ತಾಯಿತೆಂದು ನಾನು ಕಾಗದ ತೆಗೆದೆ.

"ಅದು ಮತ್ತೆ. ನಾಳೆ ಶಾಲೆ ಬಿಟ್ಟ ಮೇಲೆ ಮನೆಗೆ ಬರ್ಬೇಕು. ಒಬ್ಬ ಕಳ್ಳನನ್ನು ಹಿಡೀಲಿಕ್ಕುಂಟು."

"ಯಾರು? ಪೊರ್ಬುವಾ? ಎಂತ ಕದ್ದದ್ದು?"

"ಅದೇ ಗೊತ್ತಾಗುದಿಲ್ಲ. ಅವನ ಎಣಿಕೆಯಲ್ಲಿ ಎಂತದೋ ಉಂಟು. ಎಣಿಸುವಾಗ ಒಂದು ಕಡೆ ಸ್ವರ ನಿಲ್ತದೆ. ನಾನು ಮತ್ತೊಮ್ಮೆ ಎಣಿಸಿದ್ರೆ ಸರಿ ಬರ್ತದೆ. ಪ್ರತಿ ಸಲವೂ ಸರಿ ಬರ್ತದೆ. ಆ ಸರಿ ಬರುದೇ ನನಗೆ ಸಂಶಯ."

ನಗು ಬಂತು, ತಡೆದುಕೊಂಡೆ. ಶನಿವಾರ ಹೋದೆ.

ಹಿತ್ತಿಲಲ್ಲಿ ಕಾಯಿಯ ರಾಶಿ ಬಿದ್ದಿತ್ತು. ಪೊರ್ಬು ಆಗಲೇ ಮುಂಡು ಎತ್ತಿ ಕಟ್ಟಿ ಬಗ್ಗಿದ್ದ. ತಲೆ ಪೂರ್ತಿ ನರೆತಿತ್ತು. ನನ್ನನ್ನು ಕಂಡು, "ಮಾಷ್ಟ್ರು ಇವತ್ತು ಈ ಕಡೆ?" ಎಂದ. ಸುಮ್ಮನೆ ಬಂದೆ ಎಂದೆ. ಲೋಲಾಕ್ಷಿ ನನ್ನನ್ನು ಹಲಸಿನ ಮರದ ಕೆಳಗಿನ ಕಲ್ಲಿನ ಮೇಲೆ, ಎಲ್ಲ ಸರಿಯಾಗಿ ಕಾಣುವ ಹಾಗೆ ಕೂರಿಸಿದಳು.

ನಮ್ಮಲ್ಲಿ ಕಾಯಿ, ಭತ್ತ ಎಣಿಸುವಾಗ ಮೊದಲನೆಯದಕ್ಕೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಪೊರ್ಬುವೂ ಹಾಗೆಯೇ ಶುರು ಮಾಡಿದ. ಒಂದೊಂದೇ ಕಾಯಿ ಎತ್ತಿ ಆಚೆಗೆ ಎಸೆಯುತ್ತ, "ಲಾಭ... ರಡ್ಡ್... ಮೂಜಿ... ನಾಲ್... ಐನ್... ಆಜಿ... ಏಳ್... ಎಣ್ಮ... ಒರ್ಂಬ..." ಒಂಬತ್ತಾದ ಮೇಲೆ ಇನ್ನೊಂದು ಕಾಯಿ ಎತ್ತಿ, ಏನೂ ಹೇಳದೆ, ಎಸೆಯದೆ, ತನ್ನ ಕಾಲಿನ ಹತ್ತಿರ ಮೆಲ್ಲನೆ ಇಟ್ಟ. ಮತ್ತೆ "ಲಾಭ" ಎಂದು ಶುರು ಮಾಡಿದ. ಪ್ರತಿ ಹತ್ತಕ್ಕೂ ಗುರುತಿಗೆ ಒಂದು ಕಾಯಿ ಬೇರೆ ಇಡುವುದು ವ್ಯಾಪಾರಿಗಳ ಕ್ರಮವೇ. ಅದರಲ್ಲಿ ಮೋಸ ಕಾಣಲಿಲ್ಲ. ಎರಡನೆಯ ಸುತ್ತಿನಲ್ಲೂ ಕಾಣಲಿಲ್ಲ. ಮೂರನೆಯ ಸುತ್ತಿಗೆ ನನ್ನೊಳಗಿನ ಮಾಷ್ಟ್ರು ಎಚ್ಚರಾದ. ಮಗ್ಗಿ ಹೇಳುವ ಮಕ್ಕಳು ಬರದ ಕಡೆ ನುಂಗುತ್ತಾರೆ, ಅದನ್ನು ಹಿಡಿಯುವುದರಲ್ಲೇ ನನ್ನ ಕಿವಿ ಪಳಗಿದ್ದು.

"ಪೊರ್ಬುಗಳೇ, ಒಂಬತ್ತರ ಮುಂದಿನ ಕಾಯಿಗೆ ಹೆಸರಿಲ್ಲವಾ?" ಎಂದು ಕೇಳಿದೆ. ತಮಾಷೆಗೆ ಕೇಳಿದ್ದು.

ಬಗ್ಗಿದವನು ಬಗ್ಗಿದ ಹಾಗೆಯೇ ಉಳಿದ.

ಲೋಲಾಕ್ಷಿಯ ಕೈಯ ನಾರು ಕೆಳಗೆ ಬಿತ್ತು. ಅವಳಿಗೆ ಹದಿನೆಂಟು ವರ್ಷ ಹುಡುಕಿದ್ದು ಸಿಕ್ಕಿದ ಹಾಗೆ. "ಹೌದು. ಅದೇ. ಸ್ವರ ನಿಲ್ಲುದು ಅಲ್ಲೇ. ಹೇಳಿ ನೋಡುವ, ಒರ್ಂಬ ಆದ ಮೇಲೆ ಎಂತ?"

"ಬೇಡ ಲೋಲಕ್ಕ."

"ಯಾಕೆ ಬೇಡ? ಎಣ್ಸುವವನಿಗೆ ಎಣಿಕೆ ಹೇಳ್ಲಿಕ್ಕೆ ಎಂತ ಕಷ್ಟ?"

ಅವನು ಸಿಪ್ಪೆಯ ರಾಶಿಯ ಮೇಲೆ ಕುಳಿತ. ಬೀಡಿಗಾಗಿ ಸೊಂಟ ತಡವಿದ, ಸಿಗಲಿಲ್ಲ. "ಆ ಶಬ್ದ ನನ್ನ ಬಾಯಲ್ಲಿ ಬರುದಿಲ್ಲ ಅಕ್ಕ. ಬಯಲಿನಲ್ಲಿ ಆ ದಿನ ಹೇಳಿದ್ದೇ ಕೊನೆ."

ಆಮೇಲೆ ಅವನು ಹೇಳಿದ್ದನ್ನು ನಾನು ಆದಷ್ಟು ಅವನ ಮಾತಿನಲ್ಲೇ ಬರೆಯುತ್ತೇನೆ.

"ನಾನು ಏಳು ಅಂತ ಎಣಿಸಿದ್ದಷ್ಟೆ. ಕಡಲ ಗಾಳಿ ರೆಕ್ಕೆಯ ಅಡಿಗೆ ನುಗ್ಗಿತು, ವಿಮಾನ ವಾಲಿತು. ಹೊನ್ನಯ್ಯ ಒಂದು ಕೈಯಲ್ಲಿ ನಿಂತಿದ್ದಾನೆ. ನನ್ನ ಜೀವ ಬಾಯಿಗೆ ಬಂತು. ಗಟ್ಟಿ ಹಿಡಿ ಅಂತ ಹೇಳ್ಬೇಕಲ್ಲ? ಇದ್ದ ಸ್ವರವೆಲ್ಲ ಹಾಕಿ ಕೂಗಿದೆ."

"ಎಂತ ಕೂಗಿದ್ದು?" ಎಂದಳು ಲೋಲಾಕ್ಷಿ.

ಅವನು ನನ್ನ ಮುಖ ನೋಡಿದ, ಅವಳ ಮುಖ ನೋಡಿದ.

"ಪತ್ತ್."

ತುಳುವಿನಲ್ಲಿ ಪತ್ತ್ ಎಂದರೆ ಹಿಡಿ. ಪತ್ತ್ ಎಂದರೆ ಹತ್ತು ಕೂಡ.

ನನಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು, ಲೋಲಾಕ್ಷಿಗೆ ಅಷ್ಟೂ ಬೇಕಾಗಲಿಲ್ಲ.

"ಸಾವಕಾಶ ಇದ್ದಿದ್ರೆ ಪತ್ತೊನ್ಲ ಅಂತ ಪೂರ್ತಿ ಹೇಳ್ತಿದ್ದೆ. ಅರ್ಜೆಂಟಿಗೆ ಅರ್ಧವೇ ಬಂತು. ನನ್ನ ಅಮ್ಮನ ಭಾಷೆಯಲ್ಲಿ ಧರ್ ಅಂತ ಕೂಗಿದ್ರೂ ಸಾಕಿತ್ತು. ಅವನಿಗೆ ಅರ್ಥ ಆಗ್ತಿರ್ಲಿಲ್ಲ, ಆದ್ರೆ ಕೈ ಬಿಡ್ತಿರ್ಲಿಲ್ಲ. ಮೂರು ದಿನದಿಂದ ಅವ ಕಾದುಕೊಂಡು ಇದ್ದದ್ದು ಆ ಒಂದೇ ಶಬ್ದಕ್ಕೆ. ಗಾಳಿಯಲ್ಲಿ ಉಳಿದ ಎಣಿಕೆ ಕೇಳ್ತದಾ ಇಲ್ಲವಾ, ಯಾರಿಗೆ ಗೊತ್ತು? ನಾನು ಕೂಗಿದ ಕೂಡ್ಲೇ ನನ್ನ ಕಡೆ ನೋಡಿದ. ತಲೆ ಆಡಿಸಿದ, ಆಯಿತು ಅಂತ. ಆಮೇಲೆ ಬಿಟ್ಟ."

ಲೋಲಾಕ್ಷಿ ಒಂದು ಕಾಯಿ ಎತ್ತಿಕೊಂಡಳು. ಅದನ್ನು ಅವನ ತಲೆಗೆ ಎಸೆಯುತ್ತಾಳೆ ಎಂದು ನಾನು ಎದ್ದು ನಿಂತೆ. ಎಸೆಯಬೇಕೆಂದೇ ಎತ್ತಿದ್ದು ಎಂದು ನನಗೆ ಈಗಲೂ ಅನಿಸುತ್ತದೆ.

"ಹದಿನೆಂಟು ವರ್ಷ! ಯಾಕೆ ಹೇಳ್ಲಿಲ್ಲ?"

"ಪೊಲೀಸರು ಕೇಳಿದ್ದು, ನೀನು ಮುಟ್ಟಿದ್ದೀಯಾ? ಇಲ್ಲ. ಅವನೇ ಬಿಟ್ಟದ್ದಾ? ಹೌದು. ಎರಡೂ ಸತ್ಯವೇ. ನೀವು ಎಲ್ಲರ ಹತ್ರ ಕೇಳಿದ್ದು, ಅವರು ಯಾಕೆ ಕೈಬಿಟ್ಟರು ಅಂತ. ನೀನು ಎಂತ ಕೂಗಿದ್ದಿ ಅಂತ ಯಾರೂ ಕೇಳ್ಲಿಲ್ಲ." ಅವನು ತಲೆ ತಗ್ಗಿಸಿದ. "ಅದು ನೆವ ಅಕ್ಕ. ಹೆದರಿಕೆ. ನನ್ನ ಬಾಯಿಂದ ಅವ ಸತ್ತದ್ದು ಅಂತ ಹೇಳ್ಲಿಕ್ಕೆ ಹೆದರಿಕೆ."

ಹದಿನಾರು ಅರ್ಜಿ ಬರೆದವನು ನಾನು. ಹದಿನಾರರಲ್ಲೂ 'ಯಾಕೆ' ಎಂದೇ ಬರೆದದ್ದು. ನನಗೆ ನೆಲ ನೋಡುವ ಹಾಗಾಯಿತು.

ಲೋಲಾಕ್ಷಿ ಕಾಯಿಯನ್ನು ಎರಡು ಕೈಯಲ್ಲಿ ಹಿಡಿದು ನಿಂತೇ ಇದ್ದಳು. ಅವಳ ಬಾಯಿಂದ ಬಂದ ಮುಂದಿನ ಮಾತು ಅವನಿಗಲ್ಲ, ತನಗೇ ಹೇಳಿಕೊಂಡ ಹಾಗಿತ್ತು.

"ಹಾಗಾದ್ರೆ ನನ್ನ ಮಾತಿಗೆ ಅಲ್ಲ."

"ಯಾವ ಮಾತು?" ಎಂದ ಪೊರ್ಬು. ಅವನಿಗೆ ಅದು ಗೊತ್ತೇ ಇರಲಿಲ್ಲ. ಅವಳು ಹೇಳಿದಳು, ಹೊಸ್ತಿಲಿನ ಮಾತು. ನನಗೆ ಹೇಳುವಾಗ ಗಟ್ಟಿ ಇದ್ದ ಸ್ವರ ಈಗ ನಡುಗಿತು.

ಪೊರ್ಬು ತಲೆ ಎತ್ತಿದ. "ರೆಕ್ಕೆ ಹತ್ತುವ ಮೊದಲು ಅವ ನನಗೊಂದು ಹೇಳಿದ. ಲೋಲ ಮುನಿಸಿಕೊಂಡಿದ್ದಾಳೆ, ಇಳಿದ ಕೂಡ್ಲೇ ನಾನು ಮನೆಗೆ ಹೋಗ್ಬೇಕು, ನೀನು ಇವತ್ತು ಚಿಪ್ಪು ಹಿಡ್ಕೊಂಡು ಬರ್ಬೇಡ ಮಾರಾಯ, ಅಂತ."

ಇಂಥ ಹೊತ್ತಿನಲ್ಲೂ ಅವಳ ಕಣ್ಣು ಸಣ್ಣದಾಯಿತು. "ಇದು ಸಮಾಧಾನಕ್ಕೆ ಹೇಳುದಲ್ಲ ತಾನೆ?"

"ಸಮಾಧಾನಕ್ಕೆ ಹೇಳುದಾಗಿದ್ರೆ ಹದಿನೆಂಟು ವರ್ಷ ಮೊದಲೇ ಹೇಳ್ತಿದ್ದೆ, ಬೈಗಳು ಆದ್ರೂ ಉಳೀತಿತ್ತು. ಅವ ಅಂದದ್ದು ಅಷ್ಟೇ. ಚಿಪ್ಪಿನ ಮಾತು ನಾನು ಯಾಕೆ ಕಟ್ಟಿ ಹೇಳ್ಬೇಕು?"

ಲೋಲಾಕ್ಷಿ ಕುಸಿದು ಕುಳಿತು ಅತ್ತಳು. ಅವಳು ಅಳುವುದನ್ನು ನಾನು ಕಂಡದ್ದು ಅದೊಂದೇ ಸಲ. ಗಂಡ ಸತ್ತ ದಿನವೂ ಅತ್ತಿರಲಿಲ್ಲವಂತೆ, ಅದಕ್ಕೂ ಊರವರು ಸಂಶಯಪಟ್ಟಿದ್ದರು. ನನಗೆ ಎಲ್ಲಿ ನೋಡುವುದೆಂದು ತಿಳಿಯದೆ ಹಲಸಿನ ಮರದ ಮಿಡಿಗಳನ್ನು ನೋಡುತ್ತ ಕುಳಿತೆ. ಪೊರ್ಬು ಗಾಡಿಯ ಕಡೆ ಹೋಗಲಿಲ್ಲ, ಹತ್ತಿರವೂ ಬರಲಿಲ್ಲ, ಕುಳಿತಲ್ಲೇ ಇದ್ದ.

ಸ್ವಲ್ಪ ಸಮಾಧಾನವಾದ ಮೇಲೆ ನಾನು, "ಲೋಲಾಕ್ಷಿ, ಈಗ ಸರಿಯಾದ ಅರ್ಜಿ ಬರೆಯಬಹುದು. ಅವನು ಕೈಬಿಟ್ಟದ್ದಲ್ಲ, ಹೇಳಿದ ಹಾಗೆ ಮಾಡಿದ್ದು ಅಂತ" ಎಂದೆ. ಹೇಳುತ್ತಿರುವಾಗಲೇ ನನಗೆ ತೊಡಕು ಕಂಡಿತು. ಆ ಶಬ್ದವನ್ನು ಇಂಗ್ಲಿಷಿನಲ್ಲಿ ಹೇಗೆ ಬರೆಯುವುದು? ಹತ್ತು ಎಂದು ಬರೆದರೆ ಪೊರ್ಬು ಎಣಿಕೆ ತಪ್ಪಿ ಕೊಂದ ಹಾಗಾಗುತ್ತದೆ. ಹಿಡಿ ಎಂದು ಬರೆದರೆ ಹೊನ್ನಯ್ಯ ಹೇಳಿದ ಮಾತು ಕೇಳದೆ ಬಿಟ್ಟ ಹಾಗಾಗುತ್ತದೆ. ಎರಡನ್ನೂ ಒಟ್ಟಿಗೆ ಹೇಳುವ ಶಬ್ದ ನನ್ನ ಕನ್ನಡದಲ್ಲೇ ಇಲ್ಲ.

ಅವಳು ಸೆರಗಿನಲ್ಲಿ ಮೂಗು ಒರೆಸಿಕೊಂಡಳು. "ಅರ್ಜಿ ಬೇಡ ಮಾಷ್ಟ್ರೆ. ಕಲೆಕ್ಟರರಿಗೆ ತುಳು ಬರುದಿಲ್ಲ."

ಆಮೇಲೆ ಎದ್ದು, ಕಾಲಿನಿಂದ ಕಾಯಿಗಳನ್ನೆಲ್ಲ ಮತ್ತೆ ಒಂದೇ ರಾಶಿಗೆ ತಳ್ಳಿದಳು. "ಮೊದಲಿಂದ ಎಣಿಸಿ ಪೊರ್ಬುಗಳೇ. ಲೆಕ್ಕ ತಪ್ಪಿ ಹೋಗಿದೆ."

ಪೊರ್ಬು ಬಗ್ಗಿದ. "ಲಾಭ... ರಡ್ಡ್... ಮೂಜಿ..." "ಎಣ್ಮ... ಒರ್ಂಬ..." ಅಲ್ಲಿ ನಿಂತ. ಮುಂದಿನ ಕಾಯಿಗೆ ಕೈ ಚಾಚಿದ.

ಅಷ್ಟರಲ್ಲಿ ಲೋಲಾಕ್ಷಿ ಅದನ್ನು ಎತ್ತಿಕೊಂಡಿದ್ದಳು. ಅವನ ಎದುರು ಹಿಡಿದು, "ಪತ್ತ್" ಎಂದಳು.

ಅವನು ಹಿಡಿದ.

ಆ ದಿನ ನೂರ ಮೂವತ್ತು ಕಾಯಿ ಆಯಿತು. ಹದಿಮೂರು ಸಲ ಅವಳು ಹೇಳಿದಳು, ಹದಿಮೂರು ಸಲ ಅವನು ಹಿಡಿದ. ಗಾಡಿಗೆ ತುಂಬುವ ಮೊದಲು ತಾನೊಮ್ಮೆ ಎಣಿಸುವ ಅವಳ ಕ್ರಮ ಇತ್ತಲ್ಲ, ಆ ದಿನ ಎಣಿಸಲಿಲ್ಲ.